ಹನ್ನೊಂದನೆಯ ಬೆಂಚು

ನಮ್ಮದು ಹನ್ನೊಂದನೆಯ ಬೆಂಚು. ಚರ್ಚಿನಲ್ಲಿ ಅದರ ಹಿಂದೆ ಇನ್ನೊಂದಿಲ್ಲ. ಗೋಡೆ ಇದೆ, ಗೋಡೆಗೆ ಒರಗಿಸಿದ ಪೊರಕೆ ಇದೆ. ಪೊರಕೆಗೂ ನಮಗೂ ಜಾಗದ ಜಗಳವೇನಿಲ್ಲ. ಅದನ್ನು ಹಿಡಿಯುವವಳು ನನ್ನ ಅಮ್ಮನೇ.

ಮುಂದಿನ ಎಂಟು ಬೆಂಚುಗಳು ಮೇಲ್ಬೀದಿಯವರವು. ಕರಿಮರದವು, ಎರಕದ ಕಬ್ಬಿಣದ ಕಾಲಿನವು, ಕೂರಲು ಮೆತ್ತೆ ಇರುವವು. ಒಂಬತ್ತು, ಹತ್ತು, ಹನ್ನೊಂದು ಕೆಳಬೀದಿಯವರವು. ಅಂದರೆ ಚರಂಡಿ ಇಳಿಯುವವರು, ಕಕ್ಕಸು ತೊಳೆಯುವವರು, ಬಟ್ಟೆ ಒಗೆಯುವವರು, ಇಸ್ತ್ರಿ ಹಾಕುವವರು. ಆ ಮೂರನ್ನು ನಮ್ಮ ಬೀದಿಯ ಗಂಡಸರೇ ಸಾಮಾನಿನ ಪೆಟ್ಟಿಗೆಗಳ ಹಲಗೆ ಬಿಚ್ಚಿ ಮೊಳೆ ಹೊಡೆದು ಮಾಡಿದ್ದರು. ಒಂಬತ್ತನೆಯದರ ಪಕ್ಕದ ಹಲಗೆಗೆ ‘ಈ ಕಡೆ ಮೇಲೆ’ ಎಂದು ಬರೆದು ಬಾಣದ ಗುರುತಿದೆ. ಬಾಣ ನೆಲ ತೋರಿಸುತ್ತದೆ. ನಮ್ಮ ಹನ್ನೊಂದನೆಯದರ ಮೇಲೆ ‘ಒಡೆಯುವ ವಸ್ತು, ಮೆಲ್ಲಗೆ ಇಳಿಸಿ’ ಎಂದಿದೆ. ಅಮ್ಮ ಇಪ್ಪತ್ತು ವರ್ಷಗಳಿಂದ ಅದರ ಮೇಲೆ ಧೊಪ್ಪೆಂದು ಕೂರುತ್ತಿದ್ದಾಳೆ. ಇಬ್ಬರಿಗೂ ಏನೂ ಆಗಿಲ್ಲ.

ಯಾವ ಬೆಂಚಿಗೆ ಯಾರು ಎಂದು ಎಲ್ಲೂ ಬರೆದಿಲ್ಲ. ಬರೆದಿದ್ದರೆ ಅಳಿಸಬಹುದಿತ್ತು.

ನಾನು ಓದಿದ್ದು ಭೌತಶಾಸ್ತ್ರ. ನಮ್ಮ ಬೀದಿಯಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಅದರಿಂದ ಬೀದಿಗಾದ ಲಾಭ ಇಷ್ಟೇ: ಅರ್ಜಿ ಬರೆಯಬೇಕಾದಾಗ, ದೊಡ್ಡವರಿಗೆ ಫೋನ್ ಮಾಡಬೇಕಾದಾಗ ಎಲ್ಲರೂ ನನ್ನನ್ನೇ ಮುಂದೆ ತಳ್ಳುತ್ತಾರೆ. ಅರ್ಜಿಯಾದರೆ ಬರೆಯುತ್ತೇನೆ. ಫೋನ್ ಎಂದರೆ ನಾಲಿಗೆ ಒಣಗುತ್ತದೆ. ಆಡಬೇಕಾಗಿದ್ದ ಮಾತನ್ನೆಲ್ಲ ಮನೆಗೆ ಬಂದು ಡೈರಿಗೆ ಹೇಳುತ್ತೇನೆ. ಡೈರಿಯಲ್ಲಿ ನಾನು ಹುಲಿ. ಹೊರಗೆ ಅಮ್ಮ ಇಟ್ಟ ಹೆಸರೇ ಸರಿ: ಮೂಗಿ.

ಅಮ್ಮ ವಾರಕ್ಕೆ ಮೂರು ಸಲ ಚರ್ಚು ಗುಡಿಸಿ ಒರೆಸುತ್ತಾಳೆ. ಮೊಣಕಾಲೂರಿಯೇ ಒರೆಸಬೇಕು. ಕೋಲಿಗೆ ಬಟ್ಟೆ ಕಟ್ಟಿದರೆ ಮೂಲೆ ಶುದ್ಧವಾಗುವುದಿಲ್ಲವಂತೆ. ಅವಳ ಮೊಣಕಾಲು ಹಳೆಯ ಚಪ್ಪಲಿಯ ಅಟ್ಟೆಯಂತಾಗಿದೆ. ಒರೆಸುವಾಗ ದೇವರ ಜೊತೆ ಮಾತಾಡುತ್ತಾಳೆ. ಪ್ರಾರ್ಥನೆಯಲ್ಲ, ಬರೀ ಮಾತು. ಪೀಠದ ಮುಂದೆ ಬಂದಾಗ “ಸ್ವಲ್ಪ ಕಾಲು ಎತ್ತಪ್ಪ” ಅನ್ನುತ್ತಾಳೆ. ಒರೆಸಿದ ಮೇಲೆ “ಈಗ್ಲೇ ಇಳಿಸ್ಬೇಡ, ಒಣಗ್ಲಿ” ಅನ್ನುತ್ತಾಳೆ. ದೇವರು ಸದಾ ಕೆಸರು ಕಾಲಿನಲ್ಲಿ ಓಡಾಡುತ್ತಾನೆ ಎಂದೇ ಚಿಕ್ಕಂದಿನಲ್ಲಿ ನಾನು ನಂಬಿದ್ದೆ.

ಚರ್ಚಿನ ಕೀಲಿ ಇರುವುದು ಸಭೆಯ ಹಿರಿಯರೊಬ್ಬರ ಸೊಂಟದಲ್ಲಿ. ನಾವು ಅವರನ್ನು ಬೀಗದ ಹಿರಿಯರು ಅನ್ನುತ್ತೇವೆ. ಅಂಗೈಯಗಲದ ಕೀಲಿ ಅದು. ಅದರ ಜೊತೆಗೆ ಮನೆಯದು, ಬೀರುವಿನದು, ಸ್ಕೂಟರಿನದು. ಕೊರಳಿಗೆ ಗಂಟೆ ಕಟ್ಟಿದ ಹಸುವಿನ ಹಾಗೆ, ಅವರು ಬರುವ ಮೊದಲೇ ಬಂದದ್ದು ಗೊತ್ತಾಗುತ್ತದೆ. ಅಮ್ಮ ಒರೆಸುವ ಮೂರು ದಿನವೂ ತಾವೇ ಬಂದು ಬಾಗಿಲು ತೆಗೆಯುತ್ತಾರೆ, ಮುಗಿಯುವವರೆಗೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ, ಬೀಗ ಜಡಿದು ಎಳೆದು ನೋಡಿ ಹೋಗುತ್ತಾರೆ. ಕೆಟ್ಟವರೆಂದು ಹೇಳುತ್ತಿಲ್ಲ. ನನಗೆ ಪದವಿ ಬಂದಾಗ ಒಂದು ಪೆನ್ನು ಕೊಟ್ಟರು. ಇದನ್ನು ಬರೆಯುತ್ತಿರುವುದು ಆ ಪೆನ್ನಿನಲ್ಲೇ.

ನೆರೆ ಬಂದದ್ದು ಒಂದು ಶನಿವಾರ ಮಧ್ಯಾಹ್ನ.

ಹಿಂದಿನ ದಿನವಿಡೀ ಅಮ್ಮ ಮುಂದಿನ ಎಂಟು ಬೆಂಚುಗಳಿಗೆ ಪಾಲಿಶ್ ಹಚ್ಚಿದ್ದಳು. ಆ ವಾಸನೆಗೆ ತಲೆ ತಿರುಗಿ ಎರಡು ಸಲ ವಾಂತಿಯಾಗಿತ್ತು. ಉಗುರಿನ ಸಂದಿನ ಕಂದು ಬಣ್ಣ ಇನ್ನೂ ಹೋಗಿರಲಿಲ್ಲ. ಶನಿವಾರ ಊಟಕ್ಕೆ ಕೂತಾಗ ನೀರು ಮೊದಲು ಕಾಣಿಸಿಕೊಂಡದ್ದು ಚರಂಡಿಯ ಬಾಯಲ್ಲಿ. ಕೆಳಬೀದಿಗೆ ನೀರು ಯಾವಾಗಲೂ ಕೆಳಗಿನಿಂದಲೇ ಬರುತ್ತದೆ. ಅರ್ಧ ಗಂಟೆಯಲ್ಲಿ ಪಾತ್ರೆಗಳು ತಾವೇ ನಡೆದು ಬಾಗಿಲಿಗೆ ಬಂದವು. ಒಂದು ಗಂಟೆಯಲ್ಲಿ ನಮ್ಮ ಮನೆಯ ಹಿಂಗೋಡೆ ಕೂತುಬಿಟ್ಟಿತು.

ನಮ್ಮಲ್ಲಿ ಎತ್ತರದ ಕಟ್ಟಡವೆಂದರೆ ಚರ್ಚು. ಏಳು ಮೆಟ್ಟಿಲಿನ ಮೇಲಿದೆ. ಒಳಗೆ ಗಂಟೆಗೋಪುರಕ್ಕೆ ಹತ್ತಲು ಅಗಲವಾದ ಕಲ್ಲಿನ ಮೆಟ್ಟಿಲಿದೆ, ಮಗುವೂ ಹತ್ತಬಹುದು. ಮೂವತ್ತು ಜನ ಹೋಗಿ ಬಾಗಿಲ ಮುಂದೆ ನಿಂತೆವು. ಬೀಗ.

ಎಲ್ಲರೂ ನನ್ನನ್ನು ನೋಡಿದರು. ನನ್ನ ಕೈಯಲ್ಲಿ ಫೋನಿತ್ತು. ಬೀಗದ ಹಿರಿಯರ ಮನೆ ಮೇಲ್ಬೀದಿಯಲ್ಲಿ, ನಡೆದರೆ ಮೂರು ನಿಮಿಷ. ಆ ದಾರಿ ಆಗಿನ್ನೂ ಒಣಗಿತ್ತು. ಮೊದಲ ರಿಂಗಿಗೇ ಎತ್ತಿದರು. ನೀರು ಬಂದಿದೆ, ಮೆಟ್ಟಿಲ ಮೇಲೆ ಮೂವತ್ತು ಜನ ಇದ್ದೇವೆ, ವಯಸ್ಸಾದವರಿದ್ದಾರೆ ಎಂದೆ. ನನ್ನ ಮಟ್ಟಿಗೆ ಅದು ಭಾಷಣವೇ.

“ಪಾಲಿಶ್ ಇನ್ನೂ ಹಸಿ ಇದೆಯಮ್ಮ,” ಎಂದರು. ಸಿಟ್ಟಿನಿಂದಲ್ಲ, ಸಮಾಧಾನವಾಗಿ. “ಕೆಸರು ಕಾಲಲ್ಲಿ ಎಲ್ಲಾರೂ ನುಗ್ಗಿದ್ರೆ ಏನ್ ಗತಿ? ನೀರು ಇಳಿಯುತ್ತೆ. ಅಲ್ಲಿವರೆಗೆ ಮೆಟ್ಟಿಲ ಮೇಲೇ ಪ್ರಾರ್ಥನೆ ಮಾಡ್ತಿರಿ.”

“ಸರಿ ಸಾರ್,” ಎಂದೆ.

ಅಷ್ಟೇ. ಫೋನ್ ಇಟ್ಟರು. ನಾನು ತಿರುಗಿ, ಕಾಯಬೇಕಂತೆ ಎಂದೆ. ಕಾದೆವು. ನಮ್ಮಲ್ಲಿ ನಾಲ್ವರ ಹೆಗಲ ಮೇಲೆ ಹಾರೆ ಇತ್ತು, ಚರಂಡಿ ಮುಚ್ಚಳ ಎತ್ತುವ ಹಾರೆ. ಅದರಿಂದ ಆ ಬೀಗವನ್ನು ಕಡಲೆ ಸಿಪ್ಪೆಯ ಹಾಗೆ ಬಿಡಿಸಬಹುದಿತ್ತು. ಯಾರಿಗೂ ಹೊಳೆಯಲಿಲ್ಲ. ಹಾರೆ ಹೊತ್ತುಕೊಂಡೇ ಬಾಗಿಲು ಯಾರಾದರೂ ತೆಗೆದಾರೆಂದು ಕಾದೆವು. ಹುಟ್ಟಿದಾಗಿನಿಂದ ಕಾದವರಿಗೆ ಕಾಯುವುದೇ ಮೊದಲು ನೆನಪಾಗುತ್ತದೆ.

ನೀರು ಐದನೆಯ ಮೆಟ್ಟಿಲಿಗೆ ಬಂದಾಗ ಮೇಲ್ಬೀದಿಯ ದಾರಿಗೂ ಸೆಳವು ಬಂದಿತ್ತು. ಪಕ್ಕದ ಬಟ್ಟೆ ಒಗೆಯುವ ಮನೆಯ ತಾರಸಿಗೆ ಹೋಗೋಣ ಎಂದಳು ಅಮ್ಮ. ಕಬ್ಬಿಣದ ಏಣಿ, ನೆಟ್ಟಗೆ ನಿಂತದ್ದು. ಒಬ್ಬೊಬ್ಬರೇ ಹತ್ತಿದೆವು. ಗೊಣಗಜ್ಜಿಗೆ ಆಗಲಿಲ್ಲ.

ಗೊಣಗಜ್ಜಿ ನಮ್ಮ ಪಕ್ಕದ ಮನೆಯ ಇಸ್ತ್ರಿ ಅಕ್ಕನ ಅತ್ತೆ. ಪಾದ್ರಿಯ ಪ್ರಸಂಗ ಉದ್ದವಾಯಿತು, ರಾಗ ಎಳೆದರು, ಗಂಟೆ ಜೋರಾಯಿತು ಎಂದು ಗೊಣಗುತ್ತಲೇ ಎಪ್ಪತ್ತು ವರ್ಷ ಚರ್ಚಿಗೆ ಬಂದವಳು. ಹನ್ನೊಂದನೆಯ ಬೆಂಚಿನ ಕೊನೆಯ ಜಾಗ ಅವಳದು. ಅಲ್ಲಿ ಕೂತರೆ ಪ್ರಸಂಗ ಅರ್ಧ ಮಾತ್ರ ಕೇಳಿಸುತ್ತದೆ, ಅದೇ ಭಾಗ್ಯ ಅನ್ನುತ್ತಿದ್ದಳು. ಏಣಿಯ ಎರಡನೇ ಮೆಟ್ಟಿಲಿಗೆ ಕಾಲು ಎತ್ತಲಾಗದೆ ವಾಪಸು ಚರ್ಚಿನ ಮೇಲಿನ ಮೆಟ್ಟಿಲಿಗೆ ಹೋಗಿ ಕೂತಳು. ತೆಗೀತಾರೆ ಬಿಡು, ಅವರೇನು ಮನುಷ್ಯರಲ್ವಾ ಎಂದಳಂತೆ ಸೊಸೆಗೆ. ಇಸ್ತ್ರಿ ಅಕ್ಕ ಅವಳ ಕೈ ಹಿಡಿದು ಸೊಂಟದವರೆಗಿನ ನೀರಿನಲ್ಲಿ ನಿಂತಳು. ಎಲ್ಲಿಂದಲೋ ತೇಲಿ ಬಂದ ಡ್ರಮ್ಮು ಇಬ್ಬರಿಗೂ ಬಡಿಯಿತು. ಕೈ ಜಾರಿತು.

ನಾನು ತಾರಸಿಯ ಮೇಲಿಂದ ನೋಡುತ್ತಿದ್ದೆ. ನನ್ನ ಕೈಯಲ್ಲಿ ಫೋನಿತ್ತು.

ಭಾನುವಾರ ಅವಳು ಸಿಕ್ಕಳು. ಸೋಮವಾರ ದಿಬ್ಬದ ಮೇಲಿನ ಸ್ಮಶಾನದಲ್ಲಿ ಮಣ್ಣು ಮಾಡಿದೆವು. ಪಾದ್ರಿ ಅಯ್ಯನವರು ಪ್ರಾರ್ಥಿಸಿದರು. ನಮ್ಮ ಅಯ್ಯನವರು ಹೊಸಬರು, ಚಿಕ್ಕ ವಯಸ್ಸು. ಹಿರಿಯರ ಮುಖ ನೋಡಿಕೊಂಡು ಆಮೆನ್ ಹೇಳುವವರು. ಆಮೇಲೆ ಬೀಗದ ಹಿರಿಯರು ಮುಂದೆ ಬಂದು ಇಸ್ತ್ರಿ ಅಕ್ಕನ ತಲೆಯ ಮೇಲೆ ಕೈಯಿಟ್ಟರು. “ಆತನ ಅಪ್ಪಣೆ ಇಲ್ದೆ ಒಂದು ಹುಲ್ಲುಕಡ್ಡೀನೂ ಅಲ್ಲಾಡಲ್ಲಮ್ಮ,” ಎಂದರು. “ನಂಬು.” ಅವರ ಕಣ್ಣಲ್ಲಿ ನೀರಿತ್ತು. ನಿಜವಾದ ನೀರೇ. ಇಸ್ತ್ರಿ ಅಕ್ಕ ಅವರ ಸೊಂಟ ನೋಡುತ್ತಿದ್ದಳು. ಅವಳು ಅಂದಿನಿಂದ ಯಾರೊಡನೆಯೂ ಮಾತಾಡಲಿಲ್ಲ.

ಅಮ್ಮನೂ ಮಾತು ಬಿಟ್ಟಳು, ದೇವರ ಜೊತೆ. ತಾರಸಿಯ ಮೇಲೆ ಊಟಕ್ಕೆ ಮುಂಚೆ ಎಲ್ಲರೂ ಕಣ್ಣು ಮುಚ್ಚಿದರೆ ಅವಳು ಅನ್ನ ಕಲಸುತ್ತಿದ್ದಳು. ಗಂಡಹೆಂಡಿರ ಜಗಳದಲ್ಲಿ ಹೆಂಡತಿ ಪಾತ್ರೆ ಕುಕ್ಕುವ ಹಾಗೆ ತಟ್ಟೆ ಕುಕ್ಕುತ್ತಿದ್ದಳು. ಯಾರಿಗೆ ಕೇಳಿಸಲಿ ಎಂದು ಕುಕ್ಕುತ್ತಿದ್ದಳೋ ಗೊತ್ತಿತ್ತು.

ಬುಧವಾರ ನೀರು ಇಳಿಯಿತು. ಚರ್ಚು ತೊಳೆಯಲು ಕರೆ ಬಂತು. ಕೆಳಬೀದಿಯ ಮನೆಗಳಲ್ಲಿ ಮೊಣಕಾಲುದ್ದ ಕೆಸರಿತ್ತು. ಮೊದಲು ಕರ್ತನ ಮನೆ, ಆಮೇಲೆ ನಮ್ಮ ಮನೆ ಎಂದರು ಬೀಗದ ಹಿರಿಯರು. ಬೆಳಿಗ್ಗೆ ಬೇಗ ಶುರುಮಾಡಲಿ ಎಂದು ಅಮ್ಮನಿಗೂ ನನಗೂ ಚರ್ಚಿನ ಹಿಂದಿನ ಸಾಮಾನು ಕೋಣೆಯಲ್ಲಿ ಮಲಗಲು ಜಾಗ ಕೊಟ್ಟರು. ಬರುವ ಭಾನುವಾರ ಬಿಷಪ್ ಬರುತ್ತಾರೆ, ಸ್ತೋತ್ರ ಆರಾಧನೆ ಇದೆ, ಅಷ್ಟರಲ್ಲಿ ಎಲ್ಲ ಮೊದಲಿನ ಹಾಗೆ ಆಗಬೇಕು.

ಅವರೇ ಬೀಗ ತೆಗೆದರು. ಒಳಗಿನ ಕೆಸರಿಗೆ ಬಾಗಿಲು ಕದಲಲಿಲ್ಲ. ಎಂಟು ಜನ ಭುಜ ಕೊಟ್ಟೆವು. ತೆರೆದಾಗ ಚರಂಡಿಯ ವಾಸನೆ ನಮ್ಮ ಮುಖಕ್ಕೆ ಬಡಿಯಿತು. ಆಮೇಲೆ ಕತ್ತಲೆಗೆ ಕಣ್ಣು ಹೊಂದಿಕೊಂಡಿತು.

ಮೇಲ್ಬೀದಿಯ ಎಂಟು ಬೆಂಚುಗಳು ಇದ್ದಲ್ಲೇ ಮಗುಚಿಕೊಂಡಿದ್ದವು. ಕಬ್ಬಿಣದ ಕಾಲು ಮೇಲೆ, ಪಾಲಿಶ್ ಕೆಸರಿನಲ್ಲಿ. ಕೆರೆಯಲ್ಲಿ ಬಿದ್ದ ಎಮ್ಮೆಗಳ ಹಾಗೆ. ನಮ್ಮ ಮೂರು ಅಲ್ಲಿರಲಿಲ್ಲ. ಅವು ಮುಂದಿದ್ದವು. ಎಂಟನ್ನೂ ದಾಟಿ, ಪ್ರಸಂಗಪೀಠದ ಕೆಳಗೆ, ಒಂದರ ಹಿಂದೊಂದು, ಯಾರೋ ನೂಲು ಹಿಡಿದು ಇಟ್ಟ ಹಾಗೆ. ಹನ್ನೊಂದನೆಯದು ಎಲ್ಲಕ್ಕಿಂತ ಮುಂದೆ, ಪೀಠದ ಮೆಟ್ಟಿಲಿಗೆ ಮೂಗು ತಾಗಿಸಿಕೊಂಡು ನಿಂತಿತ್ತು.

ಅಮ್ಮ ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಬಾಯಲ್ಲಿ, ಆಮೇಲೆ ಹೊಟ್ಟೆಯಲ್ಲಿ. ಕೆಸರಿನಲ್ಲಿ ಕೂತು ನಕ್ಕಳು. ನಗುತ್ತ ನಗುತ್ತ ಅತ್ತಳು. ಸೆರಗಿನಿಂದ ಮೂಗೊರೆಸಿಕೊಂಡು ಎದ್ದು, ಪೀಠದ ಕಡೆ ಒಂದು ಬೆರಳು ತೋರಿಸಿದಳು, ತುಂಟ ಮಗುವಿಗೆ ತೋರಿಸುವ ಹಾಗೆ.

ನಾನು ಮೆಲ್ಲಗೆ, ಹಲಗೆ ಹಗುರ ಅಮ್ಮ, ನೀರು ಹಿಂದಿನ ಕಡೆಯಿಂದ ನುಗ್ಗಿದೆ, ಹಗುರವಾದದ್ದನ್ನು ಮುಂದೆ ತಳ್ಳಿದೆ, ಕಬ್ಬಿಣ ಇರುವುದು ಮುಳುಗುತ್ತದೆ ಎಂದು ವಿವರಿಸಿದೆ.

“ಅಷ್ಟು ಚೆನ್ನಾಗಿ ಲೆಕ್ಕ ಇಟ್ಟೋನು ಯಾರು ಮತ್ತೆ?” ಎಂದಳು.

ಮೂರು ದಿನ ಕೆಸರು ಎತ್ತಿದೆವು. ತಗಡಿನಿಂದ ಕೆರೆಯುವುದು, ಬಕೆಟ್ಟಿಗೆ ತುಂಬುವುದು, ಏಳು ಮೆಟ್ಟಿಲು ಇಳಿಯುವುದು, ಸುರಿಯುವುದು, ಏಳು ಮೆಟ್ಟಿಲು ಹತ್ತುವುದು. ಮೇಲಿನ ಮೆಟ್ಟಿಲು ಬಂದಾಗಲೆಲ್ಲ ಇಸ್ತ್ರಿ ಅಕ್ಕ ಅದನ್ನು ಮೆಟ್ಟದೆ ದಾಟುತ್ತಿದ್ದಳು. ಎರಡು ಕೈಯಲ್ಲಿ ಎರಡು ಬಕೆಟ್ಟು ಹಿಡಿದು ದಾಟುತ್ತಿದ್ದಳು. ಬೆರಳ ಸಂದು ಬಿಳುಚಿ ಒಡೆದವು. ಪಾದದ ಚರ್ಮ ನೆನೆದು ಸುಲಿಯಿತು. ಸ್ನಾನ ಮಾಡಿದರೂ ಅನ್ನಕ್ಕೆ ಆ ವಾಸನೆ. ಆರಾರು ಜನ ಸೇರಿ ಎಂಟು ಎಮ್ಮೆಗಳನ್ನು ಹೊತ್ತು ಹೊರಗೆ ಬಿಸಿಲಿಗೆ ಹಾಕಿದೆವು. ಮೆತ್ತೆಗಳು ಉಬ್ಬಿ ಹುಳಿತಿದ್ದವು. ಬೀಗದ ಹಿರಿಯರು ಮೂಗಿಗೆ ಕರವಸ್ತ್ರ ಹಿಡಿದು ಕುರ್ಚಿಯಲ್ಲಿ ಕೂತಿದ್ದರು.

ಒಂದು ಮಧ್ಯಾಹ್ನ ಕಸದ ರಾಶಿಯ ಹತ್ತಿರ ಬಕೆಟ್ ಇಳಿಸಿ ನಿಂತಾಗ ಅಮ್ಮನನ್ನು ಕೇಳಿದೆ. ಡೈರಿಯಲ್ಲಿ ನಾಲ್ಕು ದಿನದಿಂದ ಬರೆಯುತ್ತಿದ್ದ ಪ್ರಶ್ನೆ. “ಆವತ್ತು ನಿನ್ನ ದೇವರೆಲ್ಲಿದ್ದ?”

ಅಮ್ಮ ಕೈ ತೊಳೆಯುತ್ತಲೇ ಹೇಳಿದಳು. “ಎಲ್ಲಿರ್ತಾನೆ? ಮೆಟ್ಟಿಲ ಮೇಲೆ ಗೊಣಗಜ್ಜಿ ಪಕ್ಕ ಕೂತಿದ್ದ. ಅವನಿಗೂ ಕೀಲಿ ಕೊಟ್ಟಿಲ್ವಲ್ಲ ಇವರು.” ಕೈ ಸೆರಗಿಗೆ ಒರೆಸಿಕೊಂಡು, “ನಾನೂ ಐದು ದಿನ ಅವನನ್ನೇ ಮನಸ್ಸಲ್ಲಿ ಬೈದೆ. ಪಾಪ. ನೆಂದು ಬಂದವನನ್ನ ಯಾಕೆ ನೆಂದೆ ಅಂತ ಬೈದ ಹಾಗಾಯ್ತು,” ಎಂದಳು.

ಒಳಗೆ ಹೋಗಿ ಪೀಠದ ಮುಂದೆ ಮೊಣಕಾಲೂರಿದಳು. “ಕಾಲು ಎತ್ತಪ್ಪ,” ಅಂದದ್ದು ಕೇಳಿಸಿತು.

ಶುಕ್ರವಾರ ಸಂಜೆಗೆ ಚರ್ಚು ಶುದ್ಧವಾಗಿತ್ತು. ಒಂದು ಜಾಗ ಬಿಟ್ಟು. ನಮ್ಮ ಮೂರು ಬೆಂಚುಗಳ ಕಾಲಿನ ಸುತ್ತ ಒಂದು ಗೇಣು ಕೆಸರನ್ನು ಅಮ್ಮ ಮುಟ್ಟಿರಲಿಲ್ಲ. ಅದು ಒಣಗಿ ಸಿಮೆಂಟಾಗಿತ್ತು. ಹಲಗೆಯನ್ನು ಮಾತ್ರ ಒರೆಸಿ ಒರೆಸಿ ಹೊಳೆಯುವಂತೆ ಮಾಡಿದ್ದಳು.

ಇವನ್ನ ಹಿಂದಕ್ಕೆ ಇಡಿ ಎಂದರು ಬೀಗದ ಹಿರಿಯರು.

ನಾವು ಇಟ್ಟಿದ್ದಲ್ಲವಲ್ಲ ಸಾರ್ ಎಂದಳು ಅಮ್ಮ.

ನೀವು ಇಟ್ಟಿದ್ದು ಅಂತ ಯಾರು ಹೇಳಿದರು, ನೀರು ತಂದು ಹಾಕಿದೆ, ತೆಗೀರಿ ಎಂದರು.

ಅಮ್ಮ ಬಟ್ಟೆ ಹಿಂಡಿ ಬಕೆಟ್ಟಿಗೆ ಹಾಕಿ ಎದ್ದು ನಿಂತಳು. ಬೆನ್ನು ನೆಟ್ಟಗಾಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಅಲ್ಲಿವರೆಗೆ ಅವರು ಕಾದರು.

“ಮಣ್ಣು ಮಾಡುವಾಗ ನೀವೇ ಹೇಳಿದ್ರಿ ಸಾರ್, ಅವನ ಅಪ್ಪಣೆ ಇಲ್ದೆ ಹುಲ್ಲುಕಡ್ಡಿ ಅಲ್ಲಾಡಲ್ಲ ಅಂತ. ಇದು ಏಳಡಿ ಬೆಂಚು. ಬಾಗಿಲಿಗೆ ಬೀಗ ಇತ್ತು. ಕೀಲಿ ನಿಮ್ಮ ಸೊಂಟದಲ್ಲಿತ್ತು. ಒಳಗೆ ನರಪಿಳ್ಳೆ ಇರ್ಲಿಲ್ಲ. ಗೊಣಗಜ್ಜಿ ಹೋಗಿದ್ದು ದೇವರ ಚಿತ್ತ, ಬೆಂಚು ಬಂದಿದ್ದು ಮಾತ್ರ ನೀರಿನ ಚಿತ್ತಾನಾ?”

ಅವರು ಸೊಂಟದ ಗೊಂಚಲು ಮುಟ್ಟಿಕೊಂಡರು. ಅಷ್ಟು ಹೊತ್ತಿಗೆ ಬಕೆಟ್ ಹಿಡಿದವರೆಲ್ಲ ಬಂದು ನಿಂತಿದ್ದರು.

ಆಗ ಅಮ್ಮ ದನಿ ಇಳಿಸಿದಳು. ಇದು ಅವಳು ಮೊದಲೇ ಯೋಚಿಸಿಟ್ಟ ಮಾತು ಎಂದು ನನಗೆ ಗೊತ್ತಾಯಿತು. “ಬೆಂಚು ನಿಮಗೆ ಎಲ್ಲಿ ಬೇಕೋ ಅಲ್ಲಿ ಇಡ್ತೀವಿ ಸಾರ್. ಹಿಂದೆ ಇಡ್ತೀವಿ, ಹೊರಗೆ ಇಡ್ತೀವಿ. ಕೀಲಿ ನಮ್ಮ ಬೀದೀಲಿರ್ಲಿ.”

“ಕೆಳಬೀದೀಲಾ?” ಅವರು ನಕ್ಕರು. “ಚರ್ಚಿನ ಕೀಲಿ ಅಂದ್ರೆ ಏನು ಅಂದ್ಕೊಂಡಿದೀಯಮ್ಮ ನೀನು?”

“ಬಾಗಿಲು ತೆಗೆಯೋದು ಅಂದ್ಕೊಂಡಿದೀನಿ ಸಾರ್.”

ನಗು ನಿಂತಿತು. ನಾಳೆ ಸಂಜೆಯೊಳಗೆ ಬೆಂಚು ಹಿಂದೆ ಇರದಿದ್ದರೆ ಸೋಮವಾರದಿಂದ ಕೆಲಸಕ್ಕೆ ಬರಬೇಡ, ಸಾಮಾನು ಕೋಣೆಯನ್ನೂ ಖಾಲಿ ಮಾಡು ಎಂದು ಹೇಳಿ ಝಣಝಣ ಹೋದರು.

ಅಂದು ಸಂಜೆ ಕೋಣೆಯಲ್ಲಿ ಅಮ್ಮನಿಗೆ ಹೇಳಿದೆ: ಮನೆಗೆ ಗೋಡೆ ಇಲ್ಲ, ಈಗ ಕೆಲಸವೂ ಇಲ್ಲ, ಬೆಂಚು ಸರಿಸಿಬಿಡೋಣ. ಅಮ್ಮ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಬೆಂಚಿಗೆ ಯಾರು ಅಳ್ತಾರೆ, ಮುಂದಿನ ಮಳೆಗೆ ನನಗೆ ಏಣಿ ಹತ್ತೋಕಾಗುತ್ತಾ ನೋಡು ಎಂದು ಮೊಣಕಾಲು ತೋರಿಸಿದಳು.

ಶನಿವಾರ ಮೇಲ್ಬೀದಿಯಿಂದ ಮೂವರು ತರುಣರು ಬೆಂಚು ಎತ್ತಲು ಬಂದರು. ಒಬ್ಬ ಒಂದು ತುದಿ ಹಿಡಿದ, ಇನ್ನೊಬ್ಬ ಇನ್ನೊಂದು ತುದಿ. ಮೂರನೆಯವನು ಒಂದು ಎರಡು ಮೂರು ಎಂದ. ಬೆಂಚು ಅಲ್ಲಾಡಲಿಲ್ಲ, ಹಿಡಿದವನ ಪ್ಯಾಂಟು ಮೊಳೆಗೆ ಸಿಕ್ಕಿ ಮೇಲಿಂದ ಕೆಳಗೆ ಹರಿಯಿತು. ಹಾರೆ ಇದೆಯಾ ಎಂದು ಕೇಳಿದರು. ನಾಲ್ಕು ಹಾರೆಗಳೂ ನೆರೆಯಲ್ಲಿ ಹೋದವು ಎಂದ, ಹಾರೆ ಹೊತ್ತ ನಾಲ್ವರಲ್ಲೊಬ್ಬನಾದ ಚರಂಡಿ ಮಾವ, ಹಾರೆಗಳ ಮೇಲೆ ಕೂತುಕೊಂಡೇ. ಪ್ಯಾಂಟು ಹರಿದವನಿಗೆ ಅಮ್ಮ ಸೂಜಿ ದಾರ ಕೊಟ್ಟಳು.

ಭಾನುವಾರ ಬಂತು. ಎಮ್ಮೆಗಳು ಇನ್ನೂ ಒಣಗಿರಲಿಲ್ಲ. ಚರ್ಚಿನಲ್ಲಿದ್ದ ಬೆಂಚುಗಳೆಂದರೆ ನಮ್ಮ ಮೂರೇ. ಉಳಿದ ಜಾಗಕ್ಕೆ ಪ್ಲಾಸ್ಟಿಕ್ ಕುರ್ಚಿ ತರಿಸಿದ್ದರು. ನಾನು ಹಾಡಿನ ಪುಸ್ತಕಗಳನ್ನು ಹೊತ್ತು ಒಳಗೆ ಬಂದಾಗ ನಮ್ಮ ಬೆಂಚುಗಳ ಮೇಲೆ ಬಿಳಿ ಬಟ್ಟೆ ಹಾಸಿತ್ತು. ಬೀಗದ ಹಿರಿಯರು ಅದರ ಸುಕ್ಕು ಸರಿಮಾಡುತ್ತಿದ್ದರು. ಸರಿಸಲಾಗದ ಬೆಂಚಿನಲ್ಲಿ ತಾವೇ ಕೂರುವುದೆಂದು ತೀರ್ಮಾನವಾಗಿತ್ತು.

ನನ್ನನ್ನು ನೋಡಿ ಹತ್ತಿರ ಕರೆದರು. ಬಿಷಪ್ಪಿನ ಜೊತೆ ಬಂದವರೂ ಮೇಲ್ಬೀದಿಯ ಮನೆಯವರೂ ಇಲ್ಲಿ ಕೂರುತ್ತಾರೆ, ನಿಮಗೆಲ್ಲ ಹಿಂದೆ ಕುರ್ಚಿ ಇದೆ, ಕುರ್ಚಿಗೆ ಬೆನ್ನೂ ಇದೆ ಎಂದರು. “ನಿಮ್ಮಮ್ಮನಿಗೆ ನೀನೇ ಹೇಳಮ್ಮ. ನೀನು ಓದಿದವಳು, ನಿನಗೆ ಅರ್ಥ ಆಗುತ್ತೆ.”

ನನ್ನ ಬಾಯಿ ಆಗಲೇ ‘ಸರಿ ಸಾರ್’ನ ‘ಸ’ ಹಿಡಿದಿತ್ತು. ಹಲ್ಲಿನ ಹಿಂದೆ ಬಂದು ನಿಂತಿತ್ತು. ನಾನು ಬಾಯಿ ಮುಚ್ಚಿದೆ. ಅಷ್ಟೇ ಮಾಡಿದ್ದು. ಪುಸ್ತಕಗಳನ್ನು ಕಿಟಕಿಯಲ್ಲಿಟ್ಟೆ, ನಡೆದು ಹೋಗಿ ಹನ್ನೊಂದನೆಯ ಬೆಂಚಿನಲ್ಲಿ ನನ್ನ ಜಾಗದಲ್ಲಿ ಕೂತೆ. ಬಿಳಿ ಬಟ್ಟೆಯ ಮೇಲೆ. ಇಡೀ ಚರ್ಚಿನಲ್ಲಿ ನಾನೊಬ್ಬಳೇ ಕೂತಿದ್ದೆ. ನಾನು ಅಲುಗಾಡಿದಾಗಲೆಲ್ಲ ಬೆಂಚಿನ ಮೊಳೆ ಕಿಚಗುಟ್ಟುತ್ತಿತ್ತು.

ಆಮೇಲೆ ಬೆಂಚು ಧೊಪ್ಪೆಂದಿತು. ತಿರುಗಿ ನೋಡುವ ಅಗತ್ಯವಿರಲಿಲ್ಲ, ಅಮ್ಮ. ಅವಳ ಹಿಂದೆ ಇಸ್ತ್ರಿ ಅಕ್ಕ, ಚರಂಡಿ ಮಾವ, ಒಗೆಯುವ ಮನೆಯವರು. ಮೂವತ್ತರಲ್ಲಿ ಒಬ್ಬರು ಕಡಿಮೆ. ಕೊನೆಯ ಜಾಗವನ್ನು ಖಾಲಿ ಬಿಟ್ಟು, ಅದರ ಪಕ್ಕ ಇಸ್ತ್ರಿ ಅಕ್ಕ ಕೂತಳು.

ಬಿಷಪ್ಪರು ಬಂದೇಬಿಟ್ಟರು. ಬೀಗದ ಹಿರಿಯರು ಅಯ್ಯನವರ ಕಿವಿಯಲ್ಲಿ ಏನೋ ಹೇಳಿದರು. ಅಯ್ಯನವರು ಅವರ ಮುಖ ನೋಡಿದರು, ನಮ್ಮ ಮುಖ ನೋಡಿದರು, ಪೀಠ ಹತ್ತಿದರು. ಹಾಡಿಗೆ ಎಲ್ಲರೂ ಏಳಬೇಕು, ಅದು ರೂಢಿ. ಒಮ್ಮೆ ಎದ್ದವರನ್ನು ಹಾಗೇ ಹಿಂದೆ ಕಳಿಸಬಹುದು, ಅದು ಬೀಗದ ಹಿರಿಯರ ಯೋಜನೆ. ಅಯ್ಯನವರು ಗಂಟಲು ಸರಿಮಾಡಿಕೊಂಡರು. “ಇವತ್ತು ಎಲ್ಲರೂ ಕೂತಲ್ಲೇ ಕೂತು ಹಾಡೋಣ,” ಎಂದರು.

ಮೇಲ್ಬೀದಿಯವರು ಬೆನ್ನಿರುವ ಕುರ್ಚಿಗಳಲ್ಲಿ ಕೂತರು. ಬೀಗದ ಹಿರಿಯರು ಮಾತ್ರ ಹಿಂದೆ ಹೋಗಲಾರದೆ ಬೆಂಚಿನ ತುದಿಯ ಪಕ್ಕ ನಿಂತರು. ಬಿಷಪ್ಪರು ನೆರೆಯ ಬಗ್ಗೆ ಮಾತಾಡಿದರು. ಒಳ್ಳೆಯ ಮಾತುಗಳೇ. ಉದ್ದ ಮಾತ್ರ ಬಹಳ. ಅಷ್ಟು ಮುಂದೆ ಕೂತು ಪೂರ್ತಿ ಕೇಳಿಸಿಕೊಂಡದ್ದು ನಮಗೆ ಅದೇ ಮೊದಲು. ಗೊಣಗಜ್ಜಿ ಹೇಳುತ್ತಿದ್ದ ಭಾಗ್ಯ ಏನೆಂದು ಗೊತ್ತಾಯಿತು. ಅರ್ಧ ಗಂಟೆಯಾದ ಮೇಲೆ ಬೀಗದ ಹಿರಿಯರು ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸಿದರು. ಮುಕ್ಕಾಲು ಗಂಟೆಗೆ ಗೋಡೆ ಹುಡುಕಿದರು. ಗೋಡೆ ದೂರ.

ಅಮ್ಮ ಬಾಗಿ ಪಿಸುಗುಟ್ಟಿದಳು. “ಕೂತ್ಕೊಳ್ಳಿ ಸಾರ್, ಅಜ್ಜಿ ಜಾಗ ಖಾಲಿ ಇದೆ. ಮೆಲ್ಲಗೆ ಕೂತ್ಕೊಳ್ಳಿ, ಒಡೆಯುವ ವಸ್ತು ಅಂತ ಬರ್ದಿದೆ.”

ಕೂತರು. ಮೆಲ್ಲಗೇ ಕೂತರು. ಆ ಬೆಂಚು ಇಕ್ಕಟ್ಟು, ಸೊಂಟದ ಗೊಂಚಲು ಪಕ್ಕೆಗೆ ಚುಚ್ಚಿತು. ಬಿಚ್ಚಿ ತೊಡೆಯ ಪಕ್ಕ, ಬಿಳಿ ಬಟ್ಟೆಯ ಮೇಲೆ ಇಟ್ಟರು.

ಕಡೆಯ ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚಿದರು. ನಾನು ಮುಚ್ಚುವುದಿಲ್ಲ. ಇದು ಡೈರಿಗೆ ಮಾತ್ರ ಗೊತ್ತಿದ್ದ ಪಾಪ. ಎಲ್ಲರ ಮುಖ ಧೈರ್ಯವಾಗಿ ನೋಡಲು ನನಗೆ ಸಿಗುವ ಹೊತ್ತು ಅದೊಂದೇ. ಇಸ್ತ್ರಿ ಅಕ್ಕನ ಕಣ್ಣೂ ತೆರೆದಿತ್ತು. ಅವಳ ಕೈ ಬಿಳಿ ಬಟ್ಟೆಯ ಮೇಲೆ ಹರಿಯಿತು. ಬೆರಳ ತುಂಬ ಸುಟ್ಟ ಕಲೆ. ರೇಷ್ಮೆಯ ನೆರಿಗೆಗೆ ಗೀರು ಬೀಳದಂತೆ ಇಸ್ತ್ರಿ ಎಳೆಯುವ ಬೆರಳುಗಳು ಅವು. ಒಂದು ಸದ್ದಿಲ್ಲ. ಕೀಲಿಗೊಂಚಲಿನ ಬಳೆಯಿಂದ ಒಂದು ಕೀಲಿ ಜಾರಿತು, ಉಳಿದದ್ದು ಇದ್ದಲ್ಲೇ ಉಳಿಯಿತು. ಅವಳು ತಲೆಯೆತ್ತಿದಾಗ ನಮ್ಮಿಬ್ಬರ ಕಣ್ಣು ಕೂಡಿದವು.

ನಾನು ಕಣ್ಣು ಮುಚ್ಚಿದೆ. ಜೀವನದಲ್ಲಿ ಮೊದಲ ಸಲ, ಪಕ್ಕದವರಿಗೆ ಕೇಳಿಸುವ ಹಾಗೆ ಆಮೆನ್ ಎಂದೆ.

ಬಿಷಪ್ಪರನ್ನು ಕಳಿಸಿ ಬಂದು ಬೀಗ ಹಾಕಲು ಹೊರಟಾಗ ಅವರಿಗೆ ಗೊತ್ತಾಯಿತು. ಗೊಂಚಲನ್ನು ಎರಡು ಸಲ ತಿರುಗಿಸಿದರು. ಮನೆಯದು, ಬೀರುವಿನದು, ಸ್ಕೂಟರಿನದು. ಜೇಬು ನೋಡಿದರು. ಬೆಂಚಿನ ಕೆಳಗೆ ಬಗ್ಗಿ ನೋಡಿದರು. ನಾನು ಹಾಡಿನ ಪುಸ್ತಕ ಎಣಿಸುತ್ತಿದ್ದೆ. ಅಮ್ಮ ಹೊರಗೆ ಗಂಟು ಕಟ್ಟುತ್ತಿದ್ದಳು. ಕೋಣೆ ಖಾಲಿ ಮಾಡಬೇಕಿತ್ತಲ್ಲ.

ದೊಡ್ಡ ಕೀಲಿ ನೋಡಿದೆಯಾ ಎಂದು ನನ್ನನ್ನು ಕೇಳಿದರು.

“ನೋಡಿದೆ ಸಾರ್. ಇಸ್ತ್ರಿ ಅಕ್ಕನ ಹತ್ರ ಇದೆ.”

ಅವರ ಮುಖ ಬಿಳುಪಾಗಿ ಕೆಂಪಾಯಿತು. ಓಡಿ ಹೋಗಿ ಇಸಿದುಕೊಂಡು ಬಾ ಎಂದರು. ನನ್ನ ನಾಲಿಗೆ ಒಣಗಿತು. ಮೇಲಿನ ಮೆಟ್ಟಿಲು ಬಾಗಿಲಿನಾಚೆ ಕಾಣುತ್ತಿತ್ತು. ಅದನ್ನು ಅಮ್ಮ ಎಷ್ಟು ಉಜ್ಜಿದ್ದರೂ ನೀರಿನ ಗೆರೆ ಹೋಗಿರಲಿಲ್ಲ.

“ಇಲ್ಲ ಸಾರ್.”

“ಏನಂದೆ?”

“ಆವತ್ತು ಫೋನಲ್ಲಿ ಸರಿ ಅಂದಿದ್ದೆ. ತಪ್ಪಾಯ್ತು. ಆವತ್ತೇ ಇಲ್ಲ ಅನ್ಬೇಕಿತ್ತು.” ದನಿ ಒಡೆಯಿತು. ಒಡೆದರೆ ಒಡೆಯಲಿ ಎಂದು ಮುಂದುವರಿಸಿದೆ. “ಇಲ್ಲ ಸಾರ್. ತರಲ್ಲ.”

ಅವರು ದೊಡ್ಡ ಕೀಲಿಯಿಲ್ಲದ ಗೊಂಚಲು ಹಿಡಿದು ಮೆಟ್ಟಿಲಿಳಿದರು. ನಾನು ಪುಸ್ತಕಗಳನ್ನು ಮತ್ತೆ ಮೊದಲಿನಿಂದ ಎಣಿಸಿದೆ, ಎಷ್ಟಾಗಿತ್ತೆಂದು ಮರೆತುಹೋಗಿತ್ತು.

ಅಮ್ಮನ ಕೆಲಸ ಹೋಯಿತು. ಈಗ ನಾವು ಇಸ್ತ್ರಿ ಅಕ್ಕನ ಅಂಗಡಿಯಲ್ಲಿದ್ದೇವೆ, ಮೇಜಿನ ಕೆಳಗೆ ಹಾಸಿಗೆ. ಬೆಚ್ಚಗಿದೆ. ಅಮ್ಮ ಬಟ್ಟೆ ಮಡಿಸುತ್ತಾಳೆ. ಈಗಲೂ ಮೇಜಿನ ಕೆಳಗೆ ಗುಡಿಸುವಾಗ ಅವನಿಗೆ ಕಾಲು ಎತ್ತು ಅನ್ನುತ್ತಾಳೆ, ವಿಳಾಸ ಬದಲಾದದ್ದು ಅವನಿಗೆ ಗೊತ್ತಿದೆಯಂತೆ. ಚರ್ಚು ಒರೆಸಲು ಮೇಲ್ಬೀದಿಯಿಂದ ಯಾರೂ ಸಿಕ್ಕಿಲ್ಲ. ಹೊಸ ಬೀಗ ಹಾಕಿಸುತ್ತೇನೆ ಎಂದು ಬೀಗದ ಹಿರಿಯರು ಹೇಳಿಕಳಿಸಿದರು. ಬೀಗ ರಿಪೇರಿಯವನು ನಮ್ಮ ಬೀದಿಯವನೇ. ಅವನಿಗೆ ಆ ವಾರ ಬಿಡುವಿರಲಿಲ್ಲ. ಮುಂದಿನ ವಾರವೂ ಇಲ್ಲವಂತೆ.

ಕೀಲಿ ಅಂಗಡಿಯ ಗೋಡೆಯ ಮೊಳೆಯಲ್ಲಿದೆ, ಗೊಣಗಜ್ಜಿಯ ಊರುಗೋಲು ತೂಗುತ್ತಿದ್ದ ಮೊಳೆ. ಬೇಕಾದಾಗ ಬೀಗದ ಹಿರಿಯರು ಬಂದು ಹೊಸ್ತಿಲಲ್ಲಿ ನಿಲ್ಲುತ್ತಾರೆ. ಝಣಝಣ ಈಗ ಕಡಿಮೆ. ಇಸ್ತ್ರಿ ಅಕ್ಕ ಒಂದು ಕ್ಷಣವೂ ಕಾಯಿಸುವುದಿಲ್ಲ. ಕೈಯಲ್ಲಿದ್ದ ಬಟ್ಟೆ ಬಿಟ್ಟು ಎದ್ದು, ಜೊತೆಯಲ್ಲೇ ಹೋಗಿ ಬಾಗಿಲು ತೆಗೆದುಕೊಡುತ್ತಾಳೆ, ಕೀಲಿಯೊಂದಿಗೆ ವಾಪಸು ಬರುತ್ತಾಳೆ. ಮಾತಿಲ್ಲ.

ನಿನ್ನೆ ಸಣ್ಣಗೆ ಮಳೆ ಹನಿಯುತ್ತಿತ್ತು. ಅವರು ಕೊಡೆ ತರದೆ ಬಂದಿದ್ದರು. ಇಸ್ತ್ರಿ ಅಕ್ಕ ಮೊಳೆಯಿಂದ ಕೀಲಿ ತೆಗೆದಳು, ಅವರಿಗೊಂದು ಒಣ ಬಟ್ಟೆ ಕೊಟ್ಟಳು, ತಲೆ ಒರೆಸಿಕೊಳ್ಳುವವರೆಗೆ ನಿಂತಳು. ಆಮೇಲೆ ಇಪ್ಪತ್ತೆರಡು ದಿನಗಳ ಮೇಲೆ ಮೊದಲ ಸಲ ಬಾಯಿ ತೆರೆದಳು.

“ಪಾಲಿಶ್ ಆರಿತಾ ಸಾರ್?”